ಕ್ಯಾಪಿನ ಅಂಚಿನಲ್ಲಿ ನಿಂತ ಕೈ

ಬೀದಿದೀಪಗಳು ಇನ್ನೂ ಆರಿಲ್ಲ. ಹಲ್ಲಿನ ಆಸ್ಪತ್ರೆಯ ಒಳಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಇಲ್ಲಿ ಹಲ್ಲು ಕ್ಲೀನ್ ಮಾಡುವ ಈ ಹೆಂಗಸು ಹಲ್ಲು ಕೆರೆಯುವ, ತೊಳೆದಿಟ್ಟ ಕೊಕ್ಕೆಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಜೋಡಿಸುತ್ತಾರೆ. ಹೊರಗಿನ ಬೆಂಚಿನ ಮೇಲೆ ಕೆನ್ನೆಗೆ ಕೈ ಒತ್ತಿ ಕೂತಿರುವವರು ಅವರ ಅತ್ತೆ. ಇಬ್ಬರೂ ಡಾಕ್ಟರ ದಾರಿ ಕಾಯುತ್ತಿದ್ದಾರೆ.

ಮೊನ್ನೆ ಸೊಸೆಯೇ ಅತ್ತೆಯ ಹಲ್ಲು ಕ್ಲೀನ್ ಮಾಡಿದ್ದು. ಬಲಗಡೆಯ ಎರಡು ದವಡೆ ಹಲ್ಲುಗಳಿಗೆ ಕ್ಯಾಪ್ ಇದೆ. ಅಂದಿನಿಂದ ಆ ಕ್ಯಾಪುಗಳ ಸುತ್ತ ಒಸಡು ಕೆಂಪಗೆ ಬಾತು ನೋಯುತ್ತಿದೆ.

"ಬೇಡ ಅಂದ್ರು, ನಾನೇ ಹಟ ಮಾಡಿ ಕರ್ಕೊಂಡ್ ಬಂದೆ," ಎನ್ನುತ್ತಾರೆ ಸೊಸೆ. "ಊರವರ ಬಾಯೆಲ್ಲ ಉಜ್ಜಿ ಸಾಕಾಗ್ಲಿಲ್ವಾ, ನನ್ನನ್ನಾದ್ರೂ ಬಿಡೇ ತಾಯಿ ಅಂತಿದ್ರು. ಈಗ ಬೈಯೋದೂ ಇಲ್ಲ. ಅದೇ ಭಯ."

ಗಂಡ ಕೆಲಸ ಕಳೆದುಕೊಂಡ ವರ್ಷ ಸೊಸೆ ಇಲ್ಲಿ ಫೋನು ಎತ್ತುವ ಕೆಲಸಕ್ಕೆ ಸೇರಿದರು. ಆಮೇಲೆ ಸಂಜೆ ತರಗತಿಗೆ ಹೋಗಿ ಹಲ್ಲು ಕ್ಲೀನ್ ಮಾಡುವುದನ್ನು ಕಲಿತರು. ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಮ್ಮ ಬಾಯಿ ಅಗಲಿಸಿ, ಸೊಸೆಯ ಅಭ್ಯಾಸಕ್ಕೆ ಹಲ್ಲು ತೋರಿಸುತ್ತಿದ್ದವರು ಈ ಅತ್ತೆಯೇ. ಈಗ ದಿನಕ್ಕೆ ಎಂಟೋ ಹತ್ತೋ ಬಾಯಿಗಳು ಆ ಕೈಗೆ ಸಿಗುತ್ತವೆ. ಹೊರಗೆ ಹೋದವರು ನೆನಪಿಟ್ಟುಕೊಳ್ಳುವುದು ಡಾಕ್ಟರನ್ನು.

ಒಸಡಿನ ಕೆಳಗೆ ಕೊಕ್ಕೆಯ ತುದಿ ಇಳಿದ ಮೇಲೆ ಕಣ್ಣಿಗೆ ಕೆಲಸವಿಲ್ಲ, ಬೆರಳೇ ನೋಡಬೇಕು. ಒರಟಾಗಿ ತಡೆದದ್ದು ಗಟ್ಟಿಕಟ್ಟಿದ ಪಾಚಿಯೂ ಇರಬಹುದು, ಕ್ಯಾಪಿನ ಅಂಚೂ ಇರಬಹುದು. "ಅಂಚನ್ನೇ ಪಾಚಿ ಅಂದ್ಕೊಂಡು ಕೆರೆದುಬಿಟ್ನಾ? ಕ್ಯಾಪೇನಾದ್ರೂ ಸಡಿಲ ಆಯ್ತಾ? ರಾತ್ರಿಯೆಲ್ಲ ಇದೇ."

ಬಾಯಿ ತೆರೆದು ಮಲಗಿದವರು ಮಾತಾಡಲಾರರು. ಅದಕ್ಕೇ ಸೊಸೆ ಎಲ್ಲರ ಚಪ್ಪಲಿ ಬಿಡಿಸುತ್ತಾರೆ. ಕಾಲ್ಬೆರಳು ಮಡಚಿದರೆ ನೋವಾಯಿತೆಂದು ಲೆಕ್ಕ. ಕೈ ನಿಲ್ಲಿಸುತ್ತಾರೆ, ಬೆರಳು ಬಿಚ್ಚುವವರೆಗೆ ಕಾಯುತ್ತಾರೆ, ಮತ್ತೆ ಶುರುಮಾಡುತ್ತಾರೆ.

ಡಾಕ್ಟರಮ್ಮ ಬಂದವರೇ ಅತ್ತೆಯನ್ನು ಕುರ್ಚಿಯಲ್ಲಿ ಮಲಗಿಸಿ ನೋಡುತ್ತಾರೆ. ಸೊಸೆ ಗೋಡೆಗೆ ಆನಿಕೊಂಡು ತನ್ನ ಉಗುರುಗಳನ್ನೇ ನೋಡುತ್ತಿದ್ದಾರೆ.

"ಕ್ಯಾಪ್ ಗಟ್ಟಿಯಾಗಿದೆ, ಅಂಚಿಗೂ ಏನೂ ಆಗಿಲ್ಲ. ಆದ್ರೆ ಒಳಬದೀಲಿ ಒಂದು ಚೂರು ಪಾಚಿ ಉಳಿದು ಚುಚ್ತಿದೆ. ಅರ್ಧಕ್ಕೇ ಯಾಕೆ ಬಿಟ್ರಿ?"

"ಕಾಲ್ಬೆರಳು ಮಡಚಿದ್ರು, ಮೇಡಂ. ಬೇರೆಯವರಾಗಿದ್ರೆ ನಿಲ್ಲಿಸಿ ಮತ್ತೆ ಮಾಡ್ತಿದ್ದೆ. ಅತ್ತೆಗೆ ನೋವು ಕೊಡೋಕೆ ಮನಸ್ಸು ಬರ್ಲಿಲ್ಲ."

ಅತ್ತೆ ಆಗ ಬಾಯಿ ಬಿಡುತ್ತಾರೆ. "ನೋವಾಗಿ ಮಡಚಿದ್ದು ಅಂತ ಯಾರೇ ಹೇಳಿದ್ದು? ಕಾಲು ಜೋಮು ಹಿಡಿದಿತ್ತು." ನಿಜವೋ ಸುಳ್ಳೋ, ಮುಖದಲ್ಲಿ ತಿಳಿಯುವುದಿಲ್ಲ. "ಇವಳೇ ತೆಗೀಲಿ, ಡಾಕ್ಟ್ರೇ. ಏ, ಈ ಸಲ ಕಾಲು ನೋಡ್ಬೇಡ. ಬಾಯಿ ನೋಡು."

ಡಾಕ್ಟರಮ್ಮ ಒಸಡಿಗೆ ಮರಗಟ್ಟಿಸುವ ಮದ್ದು ಕೊಡುತ್ತಾರೆ. ಸೊಸೆ ಒಂದು ಟವೆಲ್ ತಂದು ಅತ್ತೆಯ ಪಾದಗಳ ಮೇಲೆ ಹೊದಿಸುತ್ತಾರೆ. ಆಮೇಲೆ ಕೊಕ್ಕೆ ಎತ್ತಿಕೊಳ್ಳುತ್ತಾರೆ. ತಟ್ಟೆಯಲ್ಲಿ ಕೊನೆಗೆ ಬಂದು ಬೀಳುವುದು ರವೆಯ ಕಾಳಿನಷ್ಟು ಕಂದು ಚೂರು.

ಒಸಡು ವಾಸಿಯಾಗಲು ಕೆಲವು ದಿನ ಬೇಕು, ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ಬಾವು ಹೆಚ್ಚಿದರೆ ತಡಮಾಡದೆ ಬನ್ನಿ ಎನ್ನುತ್ತಾರೆ ಡಾಕ್ಟರಮ್ಮ. ಅತ್ತೆ ತಲೆಯಾಡಿಸಿ ಹೊರಡುತ್ತಾರೆ. ತುಟಿ ಮರಗಟ್ಟಿದೆ, ಬೈಯಲೂ ಆಗದು. ಅವರು ಬೀದಿಯ ತಿರುವು ದಾಟುವವರೆಗೂ ಸೊಸೆ ಕಿಟಕಿ ಬಿಟ್ಟು ಕದಲುವುದಿಲ್ಲ. ನೋವು ನಿಂತೀತೇ? ಯಾರೂ ಖಚಿತವಾಗಿ ಹೇಳಿಲ್ಲ. ಹೊರಗೆ ಮುಂದಿನವರು ಚಪ್ಪಲಿ ಬಿಡುತ್ತಿದ್ದಾರೆ.

"ನನಗೇನೂ ದೊಡ್ಡ ಆಸೆ ಇಲ್ಲ," ಎನ್ನುತ್ತಾರೆ ಸೊಸೆ, ಕೈಗವಸು ಎಳೆದುಕೊಳ್ಳುತ್ತ. "ಸಂಜೆ ಬಾಗಿಲಲ್ಲಿ ಕಾಲಿಟ್ಟ ತಕ್ಷಣ ಅತ್ತೆ, ಇಷ್ಟು ಹೊತ್ತು ಎಲ್ಲಿ ಸತ್ತಿದ್ಯೇ ಅಂತ ಬೈದುಬಿಟ್ರೆ ಸಾಕು."