ಒಬೋನೆ ಅಮ್ಮನ ಆನೆ

ಆಫ್ರಿಕಾದ ಗಬಾನ್ ದೇಶದ ಒಂದು ಕಾಡಂಚಿನ ಊರಿನಲ್ಲಿ ಒಬೋನೆ ಅಮ್ಮನ ಬಾಯಿಗೆ ಹೆದರದ ಜೀವವೆಂದರೆ ಅವಳ ಬಾಳೆತೋಟಕ್ಕೆ ನುಗ್ಗುವ ಮುದಿ ಆನೆಯೊಂದೇ. ಬೆಳಗಾದರೆ ತಟ್ಟೆ ಬಡಿಯುತ್ತ, "ಹೊಟ್ಟೆಬಾಕ, ಇದೇನು ಮದುವೆಯೂಟ ಅಂದ್ಕೊಂಡ್ಯಾ?" ಎಂದು ಬೈಯುವಳು, ಆಮೇಲೆ ಅರಣ್ಯ ಕಚೇರಿಗೆ ಹೋಗಿ, "ನಿಮ್ಮ ಆನೇನ ಕಟ್ಟಿಹಾಕ್ತೀರೋ, ನನ್ನೇ ಕಟ್ಟಿಹಾಕ್ತೀರೋ?" ಎಂದು ಮೇಜು ಗುದ್ದುವಳು. ಅವಳ ದನಿ ಕೇಳಿದೊಡನೆ ಅಧಿಕಾರಿಗೆ ಕಾಡಿನಲ್ಲಿ ತುರ್ತು ಕೆಲಸ ಹುಟ್ಟುತ್ತಿತ್ತು. ಒಂದು ಸಂಜೆ ದಂತಕ್ಕಾಗಿ ಬಂದ ಬೇಟೆಗಾರರು ಕೋವಿ ಹಿಡಿದು ಅವಳ ಅಂಗಳದಲ್ಲಿ ನಿಂತರು. "ಆನೆ ಎಲ್ಲಮ್ಮಾ? ನಿಂಗೆ ಅದರ ಕಾಟ ಇವತ್ತಿಗೆ ಮುಗೀತು." ಅಷ್ಟರಲ್ಲಿ ಹಿತ್ತಲಲ್ಲಿ ಏನೋ ಲಟಲಟನೆ ಮುರಿಯಿತು. ಗಂಡ ಸತ್ತು ಎಷ್ಟೋ ವರ್ಷವಾಗಿದ್ದ ಒಬೋನೆ ಅಮ್ಮ, "ನನ್ನ ಗಂಡ, ಸೌದೆ ಮುರೀತಿದಾನೆ. ಆನೆ ಹೊಳೆ ದಾಟ್ತು, ಓಡ್ರಪ್ಪಾ!" ಎಂದಳು. ಅವರು ಮರೆಯಾದ ಮೇಲೆ ಹಿತ್ತಲಿಗೆ ಹೋಗಿ, ಕೈಗಳನ್ನು ಸೊಂಟದ ಮೇಲಿಟ್ಟು, ಪಿಸುದನಿಯಲ್ಲಿ ಬೈದಳು: "ಸದ್ದು ಮಾಡ್ದೆ ತಿನ್ನೋಕೂ ಬರಲ್ವೇನೋ ನಿಂಗೆ?"