ಎದ್ದು ಹೋಗಲು ಕುರ್ಚಿ ಬೇಕು

ಬಾಯವ್ವನನ್ನು ನಾನು ಮೊದಲು ನೋಡಿದ್ದು ಬೈಲಹೊಂಗಲದಲ್ಲಿ, ಹಳೆಯ ವಿದ್ಯಾರ್ಥಿಗಳ ಗುರುವಂದನೆಯೊಂದರಲ್ಲಿ. ಸಭಾಂಗಣದ ಬಾಗಿಲಿಗೆ ಅಡ್ಡ ನಿಂತು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಸೂಟು ತೊಟ್ಟ ಇಬ್ಬರನ್ನು ಗದರಿಸುತ್ತಿದ್ದಳು. ಯಾರೋ ಹೊಲದ ತಕರಾರಿನವಳು ಕಾರ್ಯಕ್ರಮ ಕೆಡಿಸಲು ಬಂದಿದ್ದಾಳೆ ಎಂದುಕೊಂಡು, ಆಕೆಯನ್ನು ಹೊರಗೆ ಕಳಿಸು ಎಂದು ಕಾವಲುಗಾರನಿಗೆ ಹೇಳಿದೆ. ಆತ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಮನ್ನ ಒಳಗ ಬಿಟ್ಟಾಕಿನ ಆಕಿರಿ ಸರ್. ಕಾರ್ಯಕ್ರಮಾನ ಆಕಿದು."

ದೊಡವಾಡದ ಒಕ್ಕಲು ಮನೆತನದ ಮಗಳು, ಬಿ.ಕಾಂ. ಓದಿದವಳು. ಸಭೆ-ಸಮಾರಂಭ ನಡೆಸಿಕೊಡುವುದು ಕಸುಬು, ಬೈಲಹೊಂಗಲದ ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಕಚೇರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಜನ ಒಂದೆಡೆ ಸೇರಬೇಕೆಂದರೆ ಬಾಯವ್ವ ಬೇಕು. ಕಾಲೇಜಿನ ಗ್ಯಾದರಿಂಗ್ ಇರಲಿ, ಡಾಕ್ಟರುಗಳ ಸಮ್ಮೇಳನ ಇರಲಿ, ಬೀಜ-ಗೊಬ್ಬರದವರ ಸಭೆ ಇರಲಿ. ತಮಾಷೆಯೆಂದರೆ ಆಕೆಗೆ ಜನರನ್ನು ಕಂಡರಾಗದು. ಒಮ್ಮೆ ಇದನ್ನು ಕೇಳಿದ್ದಕ್ಕೆ, "ಅಡಗಿ ಮಾಡಾಕಿಗೆ ಹಸಿವಿ ಇರಬಾರದ್ರಿ, ಬಡಸೂದ್ರಾಗ ಭೇದ ಮಾಡ್ತಾಳ" ಎಂದಿದ್ದಳು. ಹೆಸರಿನಲ್ಲೇ ಬಾಯಿ ಇಟ್ಟ ತಂದೆತಾಯಿ ದೂರದೃಷ್ಟಿಯವರೇ ಇರಬೇಕು.

ನಾಲ್ಕೂ ತಾಲೂಕಿನ ವ್ಯಾಪಾರಸ್ಥರದೊಂದು ಒಕ್ಕೂಟವಿದೆ. ಕಾಲೇಜಿನ ಕೊನೆಯ ವರ್ಷದ ಮಕ್ಕಳನ್ನು ಅದು ವರ್ಷಕ್ಕೊಮ್ಮೆ, ಬಾಯವ್ವನ ಏರ್ಪಾಟಿನಲ್ಲಿ, ಭೇಟಿಯಾಗುತ್ತದೆ. ಇವರಿಗೆ ಕೆಲಸಗಾರರು ಸಿಗಲಿ, ಅವರಿಗೆ ಕೆಲಸ ಸಿಗಲಿ ಎಂಬುದು ಉದ್ದೇಶ. ಹೋದ ವರ್ಷ ಸಿಕ್ಕಿದ್ದು ಶಾಲು ಮಾತ್ರ, ಅದೂ ವ್ಯಾಪಾರಸ್ಥರಿಗೇ. ವೇದಿಕೆಯ ನಟ್ಟನಡುವಿನ ಕುರ್ಚಿ ತನ್ನದೆಂದು ಸವದತ್ತಿಯ ಸಿಮೆಂಟ್ ವ್ಯಾಪಾರಿ ಸಂಗಪ್ಪ, ಅಲ್ಲ ತನ್ನದೆಂದು ರಾಮದುರ್ಗದ ಬಟ್ಟೆ ಅಂಗಡಿಯ ಲಗಮಪ್ಪ. ಸಂಗಪ್ಪ ಎದ್ದು ಹೋದರು. ಬೆನ್ನಿಗೇ ಲಗಮಪ್ಪನೂ ಎದ್ದು ಹೋದರು. ಕೈಹಿಡಿದು ಕರೆತರಲೆಂದು ಉಳಿದವರೂ ಹೋದರು. ವಿದ್ಯಾರ್ಥಿಗಳು ಖಾಲಿ ಕುರ್ಚಿಗಳನ್ನು ನೋಡುತ್ತ ಕುಳಿತಿದ್ದರು.

ಎದ್ದು ಹೋಗುವುದು ನಮ್ಮ ಸಭೆಗಳಲ್ಲಿ ಭಾಷಣಕ್ಕಿಂತ ದೊಡ್ಡ ಕಲೆ. ಕುರ್ಚಿಯನ್ನು ಸದ್ದಾಗುವಂತೆ ಹಿಂದಕ್ಕೆ ತಳ್ಳಬೇಕು, ಶಾಲು ಕೊಡವಬೇಕು, ಕರೆಯುವವರು ಬಂದು ಮುಟ್ಟುವಷ್ಟು ಸಾವಕಾಶವಾಗಿ ಮೆಟ್ಟಿಲು ಇಳಿಯಬೇಕು.

ಈ ವರ್ಷ ಒಕ್ಕೂಟದ ಕಾರ್ಯದರ್ಶಿ, ನಿವೃತ್ತ ಕನ್ನಡ ಮಾಸ್ತರ ವೆಂಕಣ್ಣನವರು ಬಾಯವ್ವನ ಕಚೇರಿಗೇ ಬಂದರು.

"ಬಾಯವ್ವ, ಈ ಸಲ ಒಬ್ಬರರೆ ಎದ್ದು ಹೋದ್ರ, ಮುಂದಿನ ವರ್ಷ ಈ ಕೆಲಸ ಬೆಳಗಾವಿಯವರಿಗೆ. ಒಕ್ಕೂಟದ ಸಭ್ಯಾಗ ಠರಾವ್ ಪಾಸಾಗೇದ."

ಒಕ್ಕೂಟ ಕೈಬಿಟ್ಟರೆ ಉಳಿದ ಸಂಘಗಳೂ ಅದರ ಬಾಲ ಹಿಡಿದು ಹೋಗುವವೇ. ಆಮೇಲೆ ಆ ಒಂದು ಕೋಣೆಗೂ ಬೀಗ. ಬಾಯವ್ವ ಗದರಿಸದೆ ಕೇಳಿದಳು. ಅದೇ ಒಂದು ವಿಶೇಷ.

"ಠರಾವಿನ್ಯಾಗ 'ಎದ್ದು ಹೋಗಬಾರದು' ಅಂತನ ಐತೇನ್ರಿ ಮಾಸ್ತರ?"

"ಹಂಗ ಅದ. ನಾನ ಬರದೇನಿ."

ಸಭೆಯ ದಿನ ಸಭಾಂಗಣದಲ್ಲಿ ಒಂದೂ ಕುರ್ಚಿಯಿಲ್ಲ. ವೇದಿಕೆಗೆ ಪರದೆ ಎಳೆದಿತ್ತು. ಕೆಳಗೆ ಎದೆಯೆತ್ತರದ ಮೇಜುಗಳು, ಮೇಲೆ ಮಿರ್ಚಿ ಭಜಿ ಮತ್ತು ಚಹಾ, ಸುತ್ತ ನಿಂತ ವಿದ್ಯಾರ್ಥಿಗಳು. ವೈರಿ ಮನೆಗೆ ಬಂದರೂ ಮೊದಲು "ಕುಂದರ್ರಿ" ಎನ್ನುವ ಸೀಮೆ ಇದು. ಇಲ್ಲಿ ಹಾಗೆನ್ನಲು ಏನೂ ಇರಲಿಲ್ಲ.

ಸಂಗಪ್ಪನವರು ನಾಲ್ಕೂ ಮೂಲೆ ಹುಡುಕಿ ಬಂದರು. "ಏನವಾ ಇದು? ನಾವೇನು ಬಸ್ಸಿಗೆ ನಿಂತೇವೇನು?"

"ಬಸ್ಸಾದ್ರ ಬರತೈತ್ರಿ. ಕುರ್ಚಿ ಬರೂದಿಲ್ಲ."

"ಆ ಲಗಮಪ್ಪನ ಸರಿಸಮ ನನ್ನ ನಿಂದರಿಸಿದೆಲ್ಲ!"

"ಅವರೂ ಇದ ಮಾತ ಅಂದ್ರು. ನಿಮ್ಮ ಹೆಸರು ಹಿಡದು."

"ನಾ ಎದ್ದು ಹೋಗತೇನಿ ನೋಡು!"

"ಏಳಬೇಕಂದ್ರ ಮೊದಲ ಕುಂತಿರಬೇಕ್ರಿ."

ಸಂಗಪ್ಪ ಹೋದರು. ತಳ್ಳಲು ಕುರ್ಚಿಯಿಲ್ಲ, ಇಳಿಯಲು ಮೆಟ್ಟಿಲಿಲ್ಲ. ನಿಂತವರ ಗದ್ದಲದಲ್ಲಿ ಅವರು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಸಭೆಗೆ ಕರೆಸಿಕೊಂಡಿದ್ದ ನಾನು ಮೊಣಕಾಲು ನೋವಿಗೆ ಗೇಟಿನ ಬಳಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಅಲ್ಲಿಗೆ ಬಂದು ನಿಂತ ಸಂಗಪ್ಪ ಹಿಂದಿರುಗಿ ನೋಡಿದರು, ವಾಚು ನೋಡಿಕೊಂಡರು.

"ಕರಿಯಾಕ ಯಾರರೆ ಬರಾಕತ್ತಾರೇನ್ರಿ?"

ಒಬ್ಬರು ಬರುತ್ತಿದ್ದರು, ಖರೆ. ಹತ್ತಿರ ಬಂದಾಗ ನೋಡಿದರೆ ಲಗಮಪ್ಪ, ಅವರೂ ಸಿಟ್ಟು ಮಾಡಿಕೊಂಡು ಹೊರಟವರೇ. ಇಬ್ಬರೂ ಗೇಟಿನಲ್ಲಿ ಎದುರುಬದುರಾದರು. ಮೊದಲು ಹೊರಗೆ ಕಾಲಿಟ್ಟವನು ಒಳಗಿನ ಸಭೆಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟಂತೆ.

"ಹೋಗ್ರಿ, ಹೋಗ್ರಿ" ಎಂದರು ಲಗಮಪ್ಪ.

"ನೀವು ಹೊಂಟಿದ್ರೆಲ್ಲ, ಮುಂದ ನಡೀರಿ."

ಯಾರೂ ನಡೆಯಲಿಲ್ಲ. ಕೊನೆಗೆ ಭುಜಕ್ಕೆ ಭುಜ ತಿಕ್ಕುತ್ತ ಇಬ್ಬರೂ ಒಳಗೇ ಮರಳಿದರು. ಅಷ್ಟರಲ್ಲಿ ಅವರು ಬಿಟ್ಟುಹೋದ ಮೇಜಿನ ಚುರುಕು ಹುಡುಗಿಯರನ್ನು ಕಿತ್ತೂರಿನ ವ್ಯಾಪಾರಸ್ಥರು ಮಾತಾಡಿಸಿ, ಸೋಮವಾರ ಅಂಗಡಿಗೆ ಬನ್ನಿರೆಂದು ಹೇಳಿ ಮುಗಿಸಿದ್ದರು. ಉಳಿದದ್ದು ಆರಿದ ಮಿರ್ಚಿ.

ಸಂಗಪ್ಪ ನೇರ ವೆಂಕಣ್ಣನವರ ಮುಂದೆ ನಿಂತರು. "ಮಾಸ್ತರ, ನಾ ಎದ್ದು ಹೋಗಿದ್ದೆ. ಠರಾವಿನ ಪರಕಾರ ಈಕಿನ್ನ ತಗೀರಿ."

"ಕೂತಿದ್ರೇನು?"

"ಕುರ್ಚೀನ ಇರಲಿಲ್ಲಲ್ರಿ!"

ಮಾಸ್ತರರಿಗೆ ಬಾಯವ್ವನ ಮೇಲೆ ಪ್ರೀತಿಯೇನಿಲ್ಲ. ಆದರೆ ತಾವೇ ಬರೆದ ವಾಕ್ಯದ ಮೇಲೆ ಬಹಳ ಇದೆ. "ಹಂಗಾರ ನೀವು ಹೋಗಿದ್ದು ಖರೆ, ಎದ್ದಿದ್ದು ಸುಳ್ಳ. ಠರಾವಿಗೆ ಎರಡೂ ಬೇಕು. ಮುಂದಿನ ವರ್ಷಾನೂ ಆಕಿನ ಮಾಡ್ತಾಳ."

ಯಾರೂ ಬಾಯವ್ವನಿಗೆ ಚೊಲೋ ಆತು ಎನ್ನಲಿಲ್ಲ. ಆಕೆಯೂ ಯಾರಿಗೂ ಹೋಗಿಬರ್ರಿ ಎನ್ನಲಿಲ್ಲ. ಮೇಜಿನ ಬಟ್ಟೆಗಳನ್ನು ಝಾಡಿಸಿ ಮಡಚುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡ ಸಂಗಪ್ಪನವರು ಬಾಗಿಲಿನಿಂದ ಮತ್ತೆ ತಿರುಗಿ ಬಂದರು. ಸಿಟ್ಟು ಇಳಿದಿರಲಿಲ್ಲ, ಆಸೆಯೂ ಇಳಿದಿರಲಿಲ್ಲ.

"ಅಲ್ಲವಾ, ಮುಂದಿನ ವರ್ಷರೆ ನನ್ನ ಕುರ್ಚಿ ಎಲ್ಲಿ ಹಾಕ್ತಿ?"

ಬಾಯವ್ವ ತಲೆ ಎತ್ತಲಿಲ್ಲ.

"ನಿಮ್ಮ ಮನ್ಯಾಗ್ರಿ."