ಮೀನಿನ ಮೂಗು, ಶಾಂತವ್ವನ ಮೂಗು

ನನ್ನ ಮೂಗಿನ ಬಗ್ಗೆ ನನಗೆ ಎಂದೂ ಅಭಿಮಾನ ಇದ್ದಿಲ್ಲ. ಹಾಲು ಉಕ್ಕಿ, ಒಲೆ ತುಂಬ ಸುರಿದು ಸೀದರೂ ಪಕ್ಕದಲ್ಲೇ ಪತ್ರಿಕೆ ಓದುತ್ತ ಕೂತಿರುವ ಜಾತಿಯವನು ನಾನು. ಅಂಥವನು ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಎರಡು ವಾರ ವಾಸನೆಯ ಸಂಶೋಧನೆ ಮಾಡಿದೆನೆಂದರೆ ನಿಮಗೆ ನಗು ಬಂದೀತು. ನಗಿರಿ. ನನ್ನ ಹೆಂಡತಿ ಶಾಂತವ್ವ ಇಂದಿಗೂ ನಗುತ್ತಾಳೆ.

ಆಗ ನಾವು ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಎರಡು ಖೋಲಿಯ ಮನೆಯಲ್ಲಿದ್ದೆವು. ನಾನು ಒಂದು ಕಚೇರಿಯಲ್ಲಿ ಕಾರಕೂನ. ಶಾಂತವ್ವ ಮೂರು ತಿಂಗಳ ಬಸುರಿ. ಅವಳಿಗೆ ಯಾವ ವಾಸನೆಯೂ ಆಗುತ್ತಿರಲಿಲ್ಲ. ಒಗ್ಗರಣೆ, ರೈಲಿನ ಹೊಗೆ, ಕೊನೆಗೆ ನನ್ನ ತಲೆಯೆಣ್ಣೆ ಕೂಡ. ಉಂಡದ್ದು ಒಂದೂ ಒಳಗೆ ನಿಲ್ಲುತ್ತಿರಲಿಲ್ಲ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕನಮಡಿಯಿಂದ ಬಂದ ನನ್ನ ಅತ್ತೆ ತಮ್ಮ ಮಗಳನ್ನು ಮೇಲೆ ಕೆಳಗೆ ನೋಡಿ, “ಇನ್ನೆರಡ ಐತವಾರ ನೋಡ್ತೀನ್ರಿ. ಹಿಂಗ ಉಪವಾಸ ಇದ್ಲಂದ್ರ ನಮ್ಮೂರಿಗೆ ಕರಕೊಂಡ ಹೋಗಾಕಿನ” ಎಂದರು. ಹೋದವಳು ಹೆರಿಗೆ ಮುಗಿಸಿಯೇ ಬರುವುದು. ನನಗೆ ಹೆದರಿಕೆಯಾಯಿತು. ಮಗುವಿನ ಚಿಂತೆ ಒಂದು. ಅವಳಿಲ್ಲದ ಆ ಎರಡು ಖೋಲಿಗಳ ಚಿಂತೆ ಇನ್ನೊಂದು.

ಅಂದು ಸಂಜೆ ಗೋಡೆಗೆ ಒರಗಿ ಕೂತಿದ್ದ ಶಾಂತವ್ವ ಮೆಲ್ಲಗೆ, “ಕೆರಿ ಮೀನ ತಿನಬೇಕನಸ್ತೈತ್ರಿ. ಪ್ಯಾಟಿದ ಬ್ಯಾಡ, ನಾರತೈತಿ. ನೀವ ಹಿಡಕೊಂಡ ಬರ್ರಿ” ಎಂದಳು.

ನಾನು ಹುಟ್ಟಿದಾಗಿನಿಂದ ನೆಗಡಿ ಬಿಟ್ಟು ಏನನ್ನೂ ಹಿಡಿದವನಲ್ಲ. ಪಕ್ಕದ ಮನೆಯ ಧರ್ಮಣ್ಣನ ಮೊರೆ ಹೊಕ್ಕೆ. ತಿಕೋಟದ ಕಡೆಯ ಮುದುಕ, ಗಾಳ ಹಾಕುವುದರಲ್ಲಿ ಪಳಗಿದವನು. “ಮೀನಕ್ಕ ಕಣ್ಣ ಅಷ್ಟಕ್ಕಷ್ಟರಿ ಕಾರಕೂನ್ರ, ಮೂಗ ಮಾತ್ರ ಭಾಳ ಚುರುಕ. ವಾಸನಿ ತೋರಸ್ರಿ, ತಾನ ಬರತೈತಿ” ಎಂದು ಶೇಂಗಾಹಿಂಡಿಗೆ ಚೂರು ಇಂಗು ಸೇರಿಸಿ ಉಂಡೆ ಕಟ್ಟಲು ಕಲಿಸಿದ.

ದಿನಾ ಕಚೇರಿ ಬಿಟ್ಟಕೂಡಲೇ ಸೈಕಲ್ಲು ತುಳಿದು ಭೂತನಾಳ ಕೆರೆಗೆ ಹೋಗುತ್ತಿದ್ದೆ. ಗಾಳದ ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರಿನ ಮೇಲೆ ನಿದ್ದೆಗಣ್ಣಿನಲ್ಲಿ ತೂಗುತ್ತಿತ್ತು. ದೂರದ ಗೋಳಗುಮ್ಮಟ ಸಂಜೆಯ ಧೂಳಿನಲ್ಲಿ ಅರ್ಧ ಕರಗಿ, ಈಗ ಇದೆ, ಈಗ ಇಲ್ಲ ಎನ್ನುವಂತಿರುತ್ತಿತ್ತು. ಮೀನು ಉಸಿರಾಡುವುದು ಕಿವಿರಿನಿಂದಂತೆ. ಅದರ ಮೂಗು ಬರೀ ವಾಸನೆಗೆಂದೇ ಇರುವುದಂತೆ. ಎಲ್ಲೋ ಓದಿದ್ದೆ. ನೀರಿನಲ್ಲಿ ವಾಸನೆ ಹೇಗೆ ನಡೆದು ಹೋಗುತ್ತದೆ? ಅವಸರವಿಲ್ಲದೆ, ಎಳೆಎಳೆಯಾಗಿ, ಕತ್ತಲಲ್ಲಿ ಮಲಗಿದ ಯಾವುದೋ ಮೀನಿನ ಕನಸಿನೊಳಗೆ ಇಳಿಯುತ್ತದೆಯೇ? ಹೀಗೆ ಯೋಚಿಸುತ್ತ ಶಾಂತವ್ವನ ಹೊಟ್ಟೆಯೂ ನೆನಪಾಗುತ್ತಿತ್ತು. ಅಲ್ಲೂ ಒಂದು ಪುಟ್ಟ ಕೆರೆ, ಆ ಕೆರೆಯಲ್ಲಿ ಇನ್ನೂ ಮೂಡುತ್ತಿರುವ ಒಂದು ಪುಟ್ಟ ಮೂಗು. ಅದಕ್ಕೆ ಯಾವ ವಾಸನೆ ತೋರಿಸಿದರೆ ಗಟ್ಟಿಯಾಗಿ ಉಳಿದೀತು? ಕಣ್ಣು ತೇವವಾಗುತ್ತಿದ್ದವು. ಅಷ್ಟರಲ್ಲಿ ಮೀನು ಉಂಡೆಯನ್ನಷ್ಟೇ ತಿಂದು ಹೋಗಿರುತ್ತಿತ್ತು.

ಇಂಗು ಸಾಲದೇನೋ ಎಂದು ನಾನೇ ವಿದ್ಯೆ ಮುಂದುವರಿಸಿದೆ. ಬಜಾರಿನಿಂದ ಕೇವಡಾ ಅತ್ತರು ತಂದು ಉಂಡೆಗೆ ಸುರಿದೆ. ಧರ್ಮಣ್ಣ ಮೂಸಿ ನೋಡಿ, “ಮೀನ ಹಿಡ್ಯಾಕ ಹೊಂಟೀರೋ, ಅದರ ಲಗ್ನಕ್ಕ ಹೊಂಟೀರೋ?” ಎಂದ. ಅಂದು ಬೆಂಡು ಅಲುಗಲೇ ಇಲ್ಲ. ಮನೆಗೆ ಬಂದರೆ ಶಾಂತವ್ವ ಸೆರಗನ್ನು ಮೂಗಿಗೆ ಒತ್ತಿ, “ಯಪ್ಪಾ! ಅಲ್ಲೇ ನಿಲ್ರಿ!” ಎಂದು ಕೂಗಿದಳು. ರಾತ್ರಿ ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿದೆ.

ಎರಡನೆಯ ಶನಿವಾರ ಬಂತು. ಮರುದಿನ ಅತ್ತೆ ಬರುವವರು. ಅರ್ಧ ದಿನದ ಕಚೇರಿ ಮುಗಿಸಿ ಬಂದಾಗ ಶಾಂತವ್ವ ಏಳಲಾರದೆ ಮಲಗಿದ್ದಳು. ಹೊಗೆ ಒಳಗೆ ಹೋಗದಿರಲೆಂದು ಅಂಗಳದಲ್ಲಿ ಒಲೆ ಹೂಡಿ, ಜೀವನದಲ್ಲಿ ಮೊದಲ ಸಲ ಜೋಳದ ರೊಟ್ಟಿ ಬಡಿದೆ. ಒಂದೂ ದುಂಡಗಾಗಲಿಲ್ಲ. ಎಲ್ಲವೂ ಸೀದವು; ಪಕ್ಕದಲ್ಲೇ ಕೂತ ನನ್ನ ಮೂಗಿಗೆ ಅದು ತಿಳಿಯಲೇ ಇಲ್ಲ. ಅವನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಕೊನೆಯ ಪ್ರಯತ್ನವೆಂದು ಕೆರೆಗೆ ಹೋದೆ.

ಮೀನು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತೆ. ಏನೆಂದು ಹೇಳಲಿ? ಒಳಗೆ ನೋಡಿದರೆ ಶಾಂತವ್ವ ಬುಟ್ಟಿಯ ಮುಂದೆ ಕೂತಿದ್ದಳು. ಮೊಸರು ಹಚ್ಚಿ ಹಚ್ಚಿ ತಿನ್ನುತ್ತಿದ್ದಳು. ಮೂರನೆಯ ರೊಟ್ಟಿ.

“ರೊಟ್ಟಿ ಹೊತ್ಯಾವಲ್ರಿ,” ಎಂದಳು ಬಾಯಿ ತುಂಬಿಕೊಂಡು. “ಮಲಗಿದಲ್ಲಿಗೇ ವಾಸನಿ ಬಂತು. ಎದ್ದ ಬಂದೆ.”

ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಅಳು ಬಂತು. ಉಂಡದ್ದು ಆ ರಾತ್ರಿ ಒಳಗೇ ಉಳಿಯಿತು. ಮರುದಿನ ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟು, “ಇದನ್ನ ಮನಷ್ಯಾರ ತಿಂತಾರೇನ?” ಎಂದರು, ತಿನ್ನುತ್ತಿದ್ದ ಮಗಳನ್ನು ನೋಡಿ ಮೊಸರಿನ ಗಡಿಗೆಯನ್ನು ಅವಳತ್ತ ಸರಿಸಿದರು. ಸಂಜೆಯ ಬಸ್ಸಿಗೆ ಒಬ್ಬರೇ ಹೋದರು.

ಭೂತನಾಳ ಕೆರೆಯ ಒಂದು ಮೀನಿನ ಪರಿಚಯವೂ ನನಗೆ ಕೊನೆಗೂ ಆಗಲಿಲ್ಲ. ಆದರೆ ಈಗಲೂ ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಊಟ ಬೇಡವೆಂದರೆ ನಾನು ಕರೆಯಲು ಹೋಗುವುದಿಲ್ಲ. ಒಲೆ ಹೊತ್ತಿಸಿ ಒಂದು ರೊಟ್ಟಿಯನ್ನು ಬೇಕೆಂದೇ ಸೀಯಿಸುತ್ತೇನೆ. ಆಮೇಲೆ ಪತ್ರಿಕೆ ಮುಂದೆ ಹಿಡಿದು, ಅದರ ಅಂಚಿನಿಂದ ಬಾಗಿಲ ಪರದೆ ಅಲುಗುವುದನ್ನೇ ಕಾಯುತ್ತ ಕೂರುತ್ತೇನೆ.